ಬಣ್ಣ ಹಚ್ಚಬಾರದ ಮೂರು ಜಾಗ

ಬ್ಯಾರೋ ಪಟ್ಟಣದ ಹಡಗುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಬಣ್ಣ ಬಳಿದು ನಿವೃತ್ತನಾದ ಹೆಡ್ಲಿ ಕ್ಯಾಸನ್ನನಿಗೆ ಬರಿಯ ಕಬ್ಬಿಣ ಕಂಡರೆ ಮೈ ಉರಿಯುತ್ತಿತ್ತು. ಹಡಗಿನ ಮೈಯಲ್ಲಿ ಉಗುರಗಲ ಜಾಗ ಬಣ್ಣವಿಲ್ಲದೆ ಉಳಿದರೂ ಉಪ್ಪುನೀರು ಅಲ್ಲಿಂದಲೇ ಒಳಹೊಕ್ಕು ಇಡೀ ತಗಡನ್ನು ತಿಂದುಹಾಕುತ್ತದೆ ಎಂಬುದನ್ನು ಅವನು ಹದಿನಾರನೆಯ ವಯಸ್ಸಿನಲ್ಲಿ ಮೇಸ್ತ್ರಿಯ ಕೈಯಲ್ಲಿ ಬೈಸಿಕೊಂಡು ಕಲಿತಿದ್ದ. ಅರವತ್ತೇಳಾದರೂ ಅದು ಬಿಟ್ಟಿರಲಿಲ್ಲ. ಬಸ್ ನಿಲ್ದಾಣದ ಕಂಬದಲ್ಲಿ ಎಲ್ಲಾದರೂ ಬಣ್ಣ ಎದ್ದಿದ್ದರೆ ಬಸ್ಸು ಬಂದದ್ದೂ ಅವನಿಗೆ ಕಾಣುತ್ತಿರಲಿಲ್ಲ. ಮನೆಯ ಗೇಟಿಗೆ ವರ್ಷಕ್ಕೆ ಎರಡು ಸಲ ಬಣ್ಣ ಬೀಳುತ್ತಿತ್ತು. ಆ ಗೇಟು ಈಗ ಮೊದಲಿಗಿಂತ ದಪ್ಪವಾಗಿ ಚಿಲಕವೇ ಹಾಕಲು ಬರುತ್ತಿರಲಿಲ್ಲ.

"ಇವನನ್ನ ಹೂಳೋ ದಿನ ಶವಪೆಟ್ಟಿಗೆ ಹಿಡಿಗೆ ಎರಡು ಕೋಟು ಹೊಡೆಸಿಯೇ ತರಬೇಕು. ಇಲ್ಲಾಂದ್ರೆ ಎದ್ದು ಕೂತು ಬ್ರಶ್ ಕೇಳ್ತಾನೆ" ಎಂದು ಅವನ ಹೆಂಡತಿ ಮ್ಯೂರಿಯಲ್ ಬಂದವರಿಗೆಲ್ಲ ಹೇಳುತ್ತಿದ್ದಳು.

ಇಂಥವನು ಒಂದು ಹಳೇ ಕಾರಿಗೆ ಗಂಟುಬಿದ್ದ. ಮಿಲಮ್ ಹತ್ತಿರದ ಯಾವನೋ ರೈತನ ಕೊಟ್ಟಿಗೆಯಲ್ಲಿ ಹತ್ತೊಂಬತ್ತುನೂರ ಅರವತ್ತೊಂದರ ಕಾರೊಂದು ಕೊಳೆಯುತ್ತ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಹೆಡ್ಲಿ ಅದನ್ನು ಎಳೆಸಿಕೊಂಡು ಬಂದು, ನಟ್ಟುಬೋಲ್ಟು ಬಿಚ್ಚಿ, ಮೂರೂವರೆ ವರ್ಷ ಕೆರೆದು, ಉಜ್ಜಿ, ಗಾಢ ಹಸಿರು ಬಣ್ಣ ಹಚ್ಚಿದ. ಎಂಥ ಬಣ್ಣ! ಬಾನೆಟ್ ಮೇಲೆ ಬಾಗಿ ನೋಡಿ ಗಡ್ಡ ಹೆರೆದುಕೊಳ್ಳಬಹುದಾಗಿತ್ತು. ಯಾರ ಕಣ್ಣಿಗೂ ಬೀಳದ ಸಂದುಗೊಂದುಗಳಿಗೂ ಮೂರು ಮೂರು ಕೋಟು. ಹಡಗುಕಟ್ಟೆಯ ರೂಢಿಯಂತೆ ಪ್ರತಿ ಬೋಲ್ಟನ್ನೂ ಹಸಿ ಬಣ್ಣದಲ್ಲಿ ಅದ್ದಿ ತೆಗೆದೇ ಬಿಗಿಯುತ್ತಿದ್ದ. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಕಾರಿನ ತಂತಿ ಕೆಲಸವೆಲ್ಲ ವಿಲ್ಫ್ ಕೆಲೆಟ್‌ನದು. ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆ ಇದ್ದ ಒಂಟಿ ಮನುಷ್ಯ, ಹೆಡ್ಲಿಗಿಂತ ಒಂಬತ್ತು ವರ್ಷ ದೊಡ್ಡವನು. ಬಸ್ ಡಿಪೋದಲ್ಲಿ ನಲವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಮಾತು ಕಡಿಮೆ. ಕಾಸು ಕೇಳುವವನಲ್ಲ, ಊಟದ ಹೊತ್ತಿಗೆ ಮ್ಯೂರಿಯಲ್ ಮಾಡಿದ ಮಾಂಸದ ಪೈ ಒಂದು ತುಂಡು ಸಿಕ್ಕಿದರೆ ಆಯಿತು. ಸುತ್ತಮುತ್ತಲ ಹಳೇ ಕಾರಿನವರ ಸಂಘದಲ್ಲಿ ಯಾರ ಗಾಡಿಯಲ್ಲಿ ದೀಪ ಆರಿದರೂ ವಿಲ್ಫ್‌ನನ್ನೇ ಕರೆಯುವುದು ವಾಡಿಕೆ. ಅವನ ಜೀವನದಲ್ಲಿ ಬೇರೆ ಹೆಮ್ಮೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಹಸಿರು ಬಣ್ಣ ಹಚ್ಚುವ ಮೊದಲು ವಿಲ್ಫ್ ಬಂದು, ಬರಿ ಕಬ್ಬಿಣದ ಮೂರು ಜಾಗಕ್ಕೆ ನಾಣ್ಯದಗಲದ ಟೇಪು ಅಂಟಿಸಿ ಹೋಗಿದ್ದ.

"ಇಲ್ನೋಡು ಹೆಡ್ಲಿ. ಒಂದು ವೈಪರಿಗೆ, ಒಂದು ಹಾರ್ನಿಗೆ, ಒಂದು ಎಡಗಡೆ ದೀಪಕ್ಕೆ. ಈ ಮೂರು ಜಾಗ ಬಿಟ್ಟು ಎಲ್ಲಿ ಬೇಕಾದ್ರೂ ಬಳ್ಕೋ. ಅರ್ತಿಂಗ್ ಇಲ್ಲಿಂದ್ಲೇ ಹೋಗಬೇಕು."

"ಗೊತ್ತು ಬಿಡಯ್ಯ. ನಾನೇನು ಎಳೇ ಮಗುನಾ?"

ಕಾರಿನಲ್ಲಿ ಕರೆಂಟು ಬ್ಯಾಟರಿಯಿಂದ ತಂತಿಯ ಮೂಲಕ ಹೋಗುತ್ತದೆ, ವಾಪಸು ಬರುವುದು ಕಾರಿನ ಕಬ್ಬಿಣದ ಮೈಯ ಮೂಲಕ, ಅರ್ತಿಂಗ್ ಎಂದರೆ ಅದೇ. ಹೋಗುವ ದಾರಿ ಎಷ್ಟು ಚೆನ್ನಾಗಿದ್ದರೂ ಬರುವ ದಾರಿ ಮುಚ್ಚಿದ್ದರೆ ಮೋಟಾರು ತಿರುಗುವುದಿಲ್ಲ. ಇದು ಹೆಡ್ಲಿಗೂ ಗೊತ್ತಿದ್ದ ಸಂಗತಿಯೇ. ಬಣ್ಣ ಒಣಗಿದ ಮೇಲೆ ವಿಲ್ಫ್ ಮೂರು ವಾರ ಕೂತು ಒಂದೊಂದೇ ತಂತಿ ಜೋಡಿಸಿದ. ಬೋಲ್ಟ್ ಬಿಗಿಯುವುದನ್ನು ಮಾತ್ರ ಹೆಡ್ಲಿ ಬಿಟ್ಟುಕೊಡಲಿಲ್ಲ. ಬೇರೆಯವರ ಸ್ಪ್ಯಾನರ್ ಜಾರಿ ತನ್ನ ಬಣ್ಣಕ್ಕೆ ಗೀರು ಬಿದ್ದರೆ ಏನು ಗತಿ?

"ಆ ಮೂರು ಜಾಗ ಬಿಟ್ಟಿದ್ದೀಯ ತಾನೆ?" ಎಂದು ವಿಲ್ಫ್ ಕೇಳಿದ.

"ಬಿಟ್ಟಿದ್ದೀನಿ."

ಮೇ ತಿಂಗಳ ಮೊದಲ ಭಾನುವಾರ ಸಂಘದವರ ವಾರ್ಷಿಕ ಸವಾರಿ. ಇಪ್ಪತ್ತು ಕಾರು ಕೋನಿಸ್ಟನ್ ಕೆರೆಯ ಪಕ್ಕದ ರಸ್ತೆಯಲ್ಲಿ ಸಾಲಾಗಿ ಹೋಗುವುದು, ಕೊನೆಗೆ ಒಂದು ಮೈದಾನದಲ್ಲಿ ನಿಂತು ಟೀ ಕುಡಿಯುವುದು. ಹಸಿರು ಕಾರಿನ ಮೊದಲ ಮೆರವಣಿಗೆ ಅದು. ಹೆಡ್ಲಿ ಟೈ ಕಟ್ಟಿಕೊಂಡಿದ್ದ. ಟಾರ್ವರ್ ಹಳ್ಳಿ ದಾಟುವ ಹೊತ್ತಿಗೆ ಆ ಸೀಮೆಯ ಮಳೆ, ಬರುತ್ತೇನೆಂದು ಹೇಳದೆ ಕೇಳದೆ ಬರುವ ಮಳೆ, ಸುರಿಯತೊಡಗಿತು. ಹೆಡ್ಲಿ ಠೀವಿಯಿಂದ ವೈಪರಿನ ಸ್ವಿಚ್ಚು ಎಳೆದ. ವೈಪರಿನ ಕಡ್ಡಿ ಒಂದು ಸಲ ಅರ್ಧ ಬೆರಳಿನಷ್ಟು ಮಿಸುಕಿ, ಮುದುಕನೊಬ್ಬ ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದ ಹಾಗೆ, ಮತ್ತೆ ಮಲಗಿಬಿಟ್ಟಿತು.

ಮುಂದಿನ ಒಂಬತ್ತು ಮೈಲಿಯನ್ನು ಮ್ಯೂರಿಯಲ್ ಇವತ್ತಿಗೂ ಮರೆತಿಲ್ಲ. ಎರಡು ಕಡ್ಡಿಗೂ ದಾರ ಕಟ್ಟಿ, ಒಂದು ತುದಿ ಇವನ ಕಿಟಕಿಯಿಂದ, ಇನ್ನೊಂದು ಇವಳ ಕಿಟಕಿಯಿಂದ ಒಳಗೆ ತಂದು, ಇವನು ಎಳೆದಾಗ ಇವಳು ಬಿಟ್ಟು, ಇವಳು ಎಳೆದಾಗ ಇವನು ಬಿಟ್ಟು, ಮೊಸರು ಕಡೆಯುವವರ ಹಾಗೆ ಮೈದಾನ ಮುಟ್ಟಿದರು. ಇಬ್ಬರ ತೋಳೂ ಭುಜದವರೆಗೆ ಒದ್ದೆ. ಮ್ಯೂರಿಯಲ್‌ಳ ಟೋಪಿಯ ಬಣ್ಣ ಕೆನ್ನೆಯ ಮೇಲೆ ಇಳಿದಿತ್ತು. ಮೈದಾನಕ್ಕೆ ಬಂದು ಹಾರ್ನ್ ಒತ್ತಿದರೆ ಅದೂ ಗಂಟಲು ಕಟ್ಟಿದ ಮೇಕೆಯ ಹಾಗೆ ಅರಚಿತು. ಎಡಗಡೆಯ ದೀಪ ಮಂಕು. ಟೀ ಡೇರೆಯೊಳಗಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಯ್ಯಾ ಹೆಡ್ಲಿ, ಕಾರು ತಂದಿದ್ದೀಯೋ ದೋಣಿ ತಂದಿದ್ದೀಯೋ?" ಎಂದ ಸಂಘದ ಅಧ್ಯಕ್ಷ ಲೆಸ್ಲಿ.

ಮೂರೂವರೆ ವರ್ಷದ ದುಡಿಮೆ ಒಂದು ನಗೆಯಲ್ಲಿ ಕೊಚ್ಚಿಹೋದದ್ದು ಹೆಡ್ಲಿಗೆ ತಡೆಯಲಾಗಲಿಲ್ಲ. "ನನ್ನ ಕೆಲಸದಲ್ಲಿ ಎಲ್ಲಾದ್ರೂ ಒಂದು ಗೀರು ತೋರ್ಸಿ ನೋಡೋಣ! ತಂತಿ ಕೆಲಸ ನನ್ನದಲ್ಲ. ಅದನ್ನ ಮಾಡಿದವರನ್ನ ಕೇಳಿ" ಎಂದು ಎಲ್ಲರೆದುರು ಕೂಗಿದ. ಮಾಡಿದವನು ಅಲ್ಲೇ ಟೀ ಬಟ್ಟಲು ಹಿಡಿದು ನಿಂತಿದ್ದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಹೆಡ್ಲಿ ಅವತ್ತು ಕೊಯ್ದದ್ದು ಇನ್ನೊಬ್ಬನ ಮೂಗು.

ಮಾರನೆಯ ದಿನವೇ ವಿಲ್ಫ್ ತನ್ನ ಪೆಟ್ಟಿಗೆ ಹಿಡಿದುಕೊಂಡು ಬಂದ. ಎರಡು ದಿನ ನೋಡಿದ. ಮೋಟಾರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಬ್ಯಾಟರಿಗೆ ನೇರ ಹಿಡಿದರೆ ಗಿರಗಿರ ತಿರುಗುತ್ತದೆ. ಕಾರಿಗೆ ಕೂಡಿಸಿದರೆ ಹೆಣ. ಸ್ವಿಚ್ಚಿನವರೆಗೆ ಕರೆಂಟು ಇದೆ, ಮೋಟಾರಿನವರೆಗೂ ಇದೆ. ಬರುವ ದಾರಿಯನ್ನೂ ಪರೀಕ್ಷೆಯ ಲ್ಯಾಂಪು ಹಿಡಿದು ನೋಡಿದ, ಲ್ಯಾಂಪು ಉರಿಯಿತು. ಆದರೂ ಮನಸ್ಸು ಒಪ್ಪದೆ ಅರ್ತಿಂಗ್‌ನ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಹೋದ.

"ಮುಟ್ಟಬೇಡ ಅದನ್ನ!" ಹೆಡ್ಲಿ ಅಡ್ಡ ಬಂದ. "ಬಣ್ಣ ಏಳುತ್ತೆ. ಅದರ ಕೆಳಗೆ ಬರಿ ಕಬ್ಬಿಣನೇ ಇರೋದು. ನಾನೇ ಬಿಟ್ಟಿದ್ದು ಅಂತ ಹೇಳ್ಲಿಲ್ವಾ?"

"ಸರಿಯಾಗಿ ನೆನಪಿದೆಯಾ?"

"ನಿನಗಿಂತ ಚೆನ್ನಾಗಿ ನೆನಪಿದೆ. ವಯಸ್ಸಾಯ್ತು ವಿಲ್ಫ್ ನಿನಗೆ. ಕೈ ನಿಲ್ತಿಲ್ಲ, ಕಣ್ಣು ನಿಲ್ತಿಲ್ಲ. ಎಲ್ಲೋ ಒಂದು ಜೋಡಣೆ ಸಡಿಲ ಬಿಟ್ಟಿದ್ದೀಯ, ಅಷ್ಟೇ."

ವಿಲ್ಫ್ ಸ್ಪ್ಯಾನರ್ ಇಳಿಸಿದ. ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ಪೆಟ್ಟಿಗೆ ಮುಚ್ಚಿಕೊಂಡು ಮನೆಗೆ ಹೋದ. ಅವತ್ತು ಪೈ ಹಾಗೇ ಉಳಿಯಿತು.

ಆ ಸಂಘದಲ್ಲಿ ಒಂದು ಹಳೇ ಚಾಳಿ ಇದೆ. ನವೆಂಬರಿನ ಭೋಜನಕೂಟದಲ್ಲಿ ಆ ವರ್ಷದ ಮಹಾ ಪೆದ್ದುತನಕ್ಕೆ ಒಂದು ಬಹುಮಾನ ಕೊಡುತ್ತಾರೆ: ಓಕ್ ಮರದ ಹಲಗೆಗೆ ಮೊಳೆ ಹೊಡೆದ ಒಂದು ಸುಟ್ಟ ಫ್ಯೂಸು. ಗೆದ್ದವನು ವರ್ಷವಿಡೀ ಅದನ್ನು ಮನೆಯ ಬೆಂಕಿಗೂಡಿನ ಮೇಲಿಡಬೇಕು. ಪೆಟ್ರೋಲ್ ಬದಲು ನೀರು ತುಂಬಿಸಿದವನು, ಬ್ರೇಕ್ ಹಾಕದೆ ಕಾರನ್ನು ಪಾದ್ರಿಯ ಹೂದೋಟಕ್ಕೆ ಬಿಟ್ಟವನು, ಇಂಥವರಿಗೆಲ್ಲ ಬಂದದ್ದು. ನಿಯಮ ಒಂದೇ. ತಪ್ಪು ಮಾಡಿದವನು ಎದ್ದು ನಿಂತು ತನ್ನ ಬಾಯಿಂದಲೇ ಹೇಳಬೇಕು. ಒಪ್ಪಿಕೊಳ್ಳದವನಿಗೆ ಫ್ಯೂಸು ಇಲ್ಲ. ಹೆಡ್ಲಿ ಆ ವರ್ಷ ವಿಲ್ಫ್‌ನ ಹೆಸರು ಸೂಚಿಸಿದ. ಅರ್ಧ ತಮಾಷೆಗೆ, ಅರ್ಧ ಹೊಟ್ಟೆಯುರಿಗೆ.

ಎಲ್ಲರೂ ವಿಲ್ಫ್ ನಕ್ಕು ತಳ್ಳಿಹಾಕುತ್ತಾನೆ ಎಂದುಕೊಂಡಿದ್ದರು. ಅವನು ಎದ್ದು ನಿಂತ. "ಜೋಡಣೆ ಎಲ್ಲ ನನ್ನದು. ಹೆಡ್ಲಿ ತನ್ನ ಕಡೆಯಿಂದ ಮಾಡಬೇಕಾದ್ದೆಲ್ಲ ಮಾಡಿದ್ದಾನೆ. ಎಲ್ಲಿ ತಪ್ಪಿದ್ದೀನೋ ನನಗೆ ಕಾಣ್ತಿಲ್ಲ. ಆದ್ರೆ ತಪ್ಪು ನನ್ನದೇ ಇರಬೇಕು" ಎಂದ. ಲೆಸ್ಲಿ ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದ. ವಿಲ್ಫ್ ಹಲಗೆಯನ್ನು ಕೋಟಿನೊಳಗೆ ಇಟ್ಟುಕೊಂಡು ಪುಡಿಂಗ್ ಬರುವ ಮೊದಲೇ ಹೊರಟುಹೋದ. ಅಲ್ಲಿಂದ ಮುಂದೆ ಅವನು ಸಂಘದ ಕಡೆ ತಲೆ ಹಾಕಲಿಲ್ಲ. ಯಾರಾದರೂ ಗಾಡಿ ತಂದರೆ, "ಬೇಡ ಮಾರಾಯ, ನನ್ನ ಕೈ ಈಗ ಸರಿಯಿಲ್ಲ" ಎಂದು ಬಾಗಿಲಲ್ಲೇ ಕಳಿಸಿಬಿಡುತ್ತಿದ್ದ.

ಇತ್ತ ಹೆಡ್ಲಿಯ ಚಳಿಗಾಲ ವೈಪರಿನ ಜೊತೆ ಕುಸ್ತಿಯಲ್ಲೇ ಕಳೆಯಿತು. ಹೊಸ ಸ್ವಿಚ್ಚು ಹಾಕಿದ, ತಿರುಗಲಿಲ್ಲ. ಫ್ಯೂಸಿನ ಡಬ್ಬಿ ಬದಲಿಸಿದ, ತಿರುಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಏನೂ ತಪ್ಪು ಮಾಡದ ಬ್ಯಾಟರಿಯನ್ನೂ ಎಸೆದು ಹೊಸದು ತಂದ. ಒಂದೊಂದು ದಿನ ಸ್ವಿಚ್ಚು ಎಳೆದೊಡನೆ ಕಡ್ಡಿಗಳು ಗಾಜಿನ ನಡುವಿನವರೆಗೆ ಬಂದು ನಿಲ್ಲುತ್ತಿದ್ದವು, ಆಸೆ ತೋರಿಸುವುದಕ್ಕೇ ಎಂಬಂತೆ. ಅವನು ಓಡಿಹೋಗಿ ಮ್ಯೂರಿಯಲ್‌ಳನ್ನು ಕರೆತರುವಷ್ಟರಲ್ಲಿ ಮತ್ತೆ ಮಲಗಿರುತ್ತಿದ್ದವು.

"ನೋಡು, ಈಗ ತಾನೆ ಬಂದಿತ್ತು!"

"ದೆವ್ವ ಕಂಡವರೆಲ್ಲ ಹೀಗೇ ಹೇಳೋದು" ಎಂದು ಅವಳು ಸೌಟು ಹಿಡಿದುಕೊಂಡೇ ವಾಪಸು ಹೋಗುತ್ತಿದ್ದಳು.

ಎರಡನೇ ಮೋಟಾರು ತರಿಸಿದ. ಮೂರನೆಯದನ್ನೂ ತರಿಸಿದ. ಮೇಜಿನ ಮೇಲೆ ಮೂರೂ ಭೇಷಾಗಿ ತಿರುಗಿದವು, ಕಾರಿನಲ್ಲಿ ಮೂರೂ ಸತ್ತವು. ಹೆಡ್ಲಿ ಹಲ್ಲು ಕಡಿದ. ನಿದ್ದೆಯಲ್ಲೂ ಬೈದ. ಒಂದು ದಿನ ಗ್ಯಾರೇಜಿನ ಬಾಗಿಲಿಗೆ ಒದ್ದು ಹೆಬ್ಬೆರಳು ಊದಿಸಿಕೊಂಡ. ಸಂಘದ ಒಬ್ಬ ಹುಷಾರಿನವನು ಬಂದು, "ಅರ್ತಿಂಗ್ ನೋಡಿದ್ಯಾ?" ಎಂದು ಕೇಳಿದ್ದಕ್ಕೆ, "ಇಡೀ ಕಾರೇ ಕಬ್ಬಿಣ, ಇನ್ನೆಲ್ಲಿಯ ಅರ್ತಿಂಗ್ ಬೇಕು ನಿನಗೆ?" ಎಂದು ಹರಿಹಾಯ್ದ. ಪ್ರತಿ ಸೋಲಿಗೂ ಕೊನೆಯಲ್ಲಿ ಒಂದೇ ಮಾತು: "ಆ ಮುದುಕ ಏನು ಮಾಡಿಟ್ಟಿದ್ದಾನೋ!"

ಏಪ್ರಿಲಿನ ಒಂದು ಶನಿವಾರ ಮ್ಯೂರಿಯಲ್ ಬ್ರೆಡ್ಡು ತರಲು ಹೋದವಳು ಮುಖ ಗಂಟಿಕ್ಕಿಕೊಂಡು ಬಂದಳು.

"ವಿಲ್ಫ್ ನಾಳೆ ಉಲ್ವರ್‌ಸ್ಟನ್ ಗುಜರಿ ಸಂತೇಲಿ ತನ್ನ ಸಾಮಾನೆಲ್ಲ ಮಾರ್ತಾನಂತೆ."

"ಯಾವ ಸಾಮಾನು?"

"ಕೆಲಸದ ಸಾಮಾನು. ಇಕ್ಕಳ, ಲ್ಯಾಂಪು, ಪೆಟ್ಟಿಗೆ, ಎಲ್ಲ. ಕೈ ಸರಿಯಿಲ್ಲ, ಇಟ್ಕೊಂಡು ಏನು ಮಾಡ್ಲಿ ಅಂದನಂತೆ."

"ವಯಸ್ಸಾಯ್ತಲ್ಲ, ಒಳ್ಳೇದೇ ಆಯ್ತು."

"ಕೈ ಸರಿಯಿಲ್ಲ ಅಂತ ಅವನಿಗೆ ಹೇಳಿದ್ದು ಯಾರು ಹೆಡ್ಲಿ?" ಮ್ಯೂರಿಯಲ್ ಬ್ರೆಡ್ಡನ್ನು ಮೇಜಿನ ಮೇಲೆ ಕುಕ್ಕಿದಳು. "ಮೊನ್ನೆ ನನ್ನ ರೇಡಿಯೋ ತಗೊಂಡು ಹೋಗಿದ್ದೆ. ಮುಟ್ಟೋಕೂ ಹೆದರಿದ ಕಣೋ ಅವನು. ಕೈ ಹಿಂದೆ ಕಟ್ಕೊಂಡು ನಿಂತ. ಆ ಸಾಮಾನು ಹೋದ್ರೆ ಆ ಮನುಷ್ಯನ ಹತ್ರ ಇನ್ನೇನು ಉಳಿಯುತ್ತೆ?"

ನಾಳೆ ಆ ಸಂತೆಗೆ ಹೆಡ್ಲಿಯೂ ಹೋಗುವವನಿದ್ದ, ನಾಲ್ಕನೇ ಮೋಟಾರು ಹುಡುಕುವುದಕ್ಕೆ. ವಿಲ್ಫ್‌ನ ಮೇಜಿನ ಮುಂದೆ ಹೇಗೆ ಹಾದುಹೋಗುವುದು ಎಂಬ ಮುಜುಗರ ಅವನ ಸಿಟ್ಟನ್ನು ಇನ್ನಷ್ಟು ಕೆದಕಿತು.

ಭಾನುವಾರ ಬೆಳಗ್ಗೆ ಕಾರನ್ನು ಗ್ಯಾರೇಜಿನ ಹೊರಗೆ ತಂದದ್ದೇ ತಡ, ಮಳೆ ಹನಿಯತೊಡಗಿತು. ಸರಿ, ಕೊನೆಯ ಸಲ ನೋಡಿಬಿಡೋಣ ಎಂದು ಬಾನೆಟ್ ಎತ್ತಿ, ಮೋಟಾರಿನ ಬೋಲ್ಟುಗಳನ್ನು ಮತ್ತೆ ಬಿಗಿದು, ಒಳಗೆ ಬಗ್ಗಿ ಸ್ವಿಚ್ಚು ಎಳೆದ. ಏನೂ ಇಲ್ಲ. ಒಂದು ಸಲ ಮಿಸುಕಲೂ ಇಲ್ಲ. ಹನಿಗಳು ಅವನ ಕನ್ನಡಕದ ಮೇಲೆ, ಕಾಲರಿನೊಳಗೆ, ಅವನ ಬೆಲೆಬಾಳುವ ಹಸಿರಿನ ಮೇಲೆ. ಹನ್ನೊಂದು ತಿಂಗಳಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ಒಮ್ಮೆಗೇ ಉಕ್ಕಿತು. "ಹಾಳಾಗಿ ಹೋಗು!" ಎಂದು ಕೈಯಲ್ಲಿದ್ದ ಸ್ಪ್ಯಾನರನ್ನು ಎತ್ತಿ ಕಾರಿನ ಹೊಟ್ಟೆಯೊಳಕ್ಕೆ ಬೀಸಿ ಹೊಡೆದ.

ಠಣ್ಣೆಂದಿತು. ಒಂದು ಕಿಡಿ. ಮರುಕ್ಷಣವೇ ವೈಪರಿನ ಕಡ್ಡಿ ಎದ್ದು ಬಂದು, ಗಾಜಿನ ಅಂಚಿಗೆ ಊರಿದ್ದ ಅವನ ಎಡಗೈಯ ಗೆಣ್ಣಿಗೆ ಫಟ್ಟನೆ ಬಾರಿಸಿತು.

ಹೆಡ್ಲಿ ಬಾಯಿ ತೆರೆದು ನಿಂತ. ವೈಪರ್ ಹೋಯಿತು, ಬಂತು. ಹೋಯಿತು, ಬಂತು. ಹುಷಾರಾದ ಎಳೇ ಕರುವಿನ ಹಾಗೆ ಕುಣಿಯುತ್ತಿತ್ತು. ಅವನು ಬಗ್ಗಿ ನೋಡಿದ. ಸ್ಪ್ಯಾನರ್ ಒಂದು ಕಡೆ ಮೋಟಾರಿಗೆ ತಾಗಿ, ಇನ್ನೊಂದು ಕಡೆ ಕಾರಿನ ಗೋಡೆಗೆ ಒರಗಿ ಸಿಕ್ಕಿಕೊಂಡಿತ್ತು. ಗೋಡೆಯಲ್ಲಿ ಅದು ಬಡಿದ ಜಾಗದಲ್ಲಿ ಹಸಿರು ಬಣ್ಣ ಚಕ್ಕೆ ಎದ್ದು, ಬೆಳ್ಳಗಿನ ಕಬ್ಬಿಣ ಇಣುಕುತ್ತಿತ್ತು. ಸ್ಪ್ಯಾನರ್ ಎತ್ತಿದ, ವೈಪರ್ ನಿಂತಿತು. ಇಟ್ಟ, ನಡೆಯಿತು. ಮತ್ತೆ ಎತ್ತಿದ. ಮತ್ತೆ ಇಟ್ಟ. ಮಳೆಯಲ್ಲಿ ನಿಂತು ಆರೇಳು ಸಲ ಹಾಗೆ ಮಾಡಿದ.

ಬರುವ ದಾರಿ ಮುಚ್ಚಿತ್ತು. ಅರ್ತಿಂಗ್‌ನ ಬೋಲ್ಟನ್ನು ಬಿಚ್ಚಿದ. ಅದರ ಕೆಳಗೆ ಕನ್ನಡಿಯಂಥ ಹಸಿರು. ಬೋಲ್ಟಿನ ತಿರುಪಿನ ಸುತ್ತುಗಳಲ್ಲೂ ಹಸಿರು. ಬಿಗಿಯುವಾಗ ಕೂದಲೆಳೆಯಷ್ಟು ಬಣ್ಣ ಗೀರಿತ್ತು. ಪರೀಕ್ಷೆಯ ಪುಟ್ಟ ಲ್ಯಾಂಪು ಉರಿಯುವುದಕ್ಕೆ ಅಷ್ಟು ಸಾಕು, ಮೋಟಾರಿಗೆ ಸಾಲದು. ವಿಲ್ಫ್‌ನ ಲ್ಯಾಂಪು ಅವತ್ತು ಉರಿದದ್ದು ಹಾಗೆ.

ಆಗ ಅವನಿಗೆ ಟೇಪು ನೆನಪಾಯಿತು. ನೆನಪಾಯಿತು ಎನ್ನುವುದು ಕೂಡ ಅವನ ಮೇಲಿನ ಮುಲಾಜಿಗೆ. ಮನುಷ್ಯ ತನಗೆ ಬೇಡದ್ದನ್ನು ಮರೆಯುವುದರಲ್ಲಿ ಗಟ್ಟಿಗ. ಕೊನೆಯ ಕೋಟು ಹೊಡೆದ ದಿನ ಟೇಪು ಕಿತ್ತಾಗ, ಆ ಹಸಿರು ಸಮುದ್ರದ ನಡುವೆ ಮೂರು ಬೋಳು ಚುಕ್ಕೆಗಳು ಅವನ ಕಣ್ಣನ್ನು ಚುಚ್ಚಿದ್ದವು. ಇಡೀ ದಿನ ತಡೆದುಕೊಂಡಿದ್ದ. ಊಟದ ನಡುವೆ ಎದ್ದು ಹೋಗಿ ನೋಡಿ ಬಂದಿದ್ದ. ಸಂಜೆಗೆ, 'ಒಂದು ತೆಳು ಕೋಟು ಹೊಡೆದರೆ ಏನು ಮಹಾ ಆಗುತ್ತದೆ' ಎಂದು ಬ್ರಶ್ ಎತ್ತಿದ್ದ. ಅಡಿಬಣ್ಣದ ಪ್ರೈಮರಿನಿಂದ ಶುರುವಾಗಿ ಒಂದು ಕೋಟು ಎರಡಾಗಿ, ಎರಡು ಮೂರಾಗಿತ್ತು. ಆಮೇಲೆ ವಿಲ್ಫ್ ಕೇಳಿದಾಗ 'ಬಿಟ್ಟಿದ್ದೀನಿ' ಎಂಬ ಮಾತು ಬಾಯಿಂದ ತಾನಾಗಿ ಜಾರಿತ್ತು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದ್ದಾಯಿತು. ಹುಡುಕಿಕೊಡಲು ಬಂದವನನ್ನೇ ಕಳ್ಳ ಎಂದದ್ದೂ ಆಯಿತು.

"ಮ್ಯೂರಿಯಲ್, ಕೋಟು ಹಾಕ್ಕೋ" ಎಂದು ಕೂಗಿದ.

"ಯಾಕೆ, ಈಗ ಇನ್ನೇನು ಸತ್ತಿತು?"

"ನಾನು."

ಬೋಲ್ಟನ್ನು ಮತ್ತೆ ಹಾಕಿ, ಸ್ಪ್ಯಾನರನ್ನು ಅದೇ ಜಾಗದಲ್ಲಿ ದಾರದಿಂದ ಕಟ್ಟಿ, ವೈಪರ್ ಆಡಿಸಿಕೊಂಡೇ ಉಲ್ವರ್‌ಸ್ಟನ್‌ಗೆ ಹೊರಟ. ದಾರಿಯಲ್ಲಿ ಮ್ಯೂರಿಯಲ್‌ಗೆ ಎಲ್ಲ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ, ವೈಪರನ್ನೇ ನೋಡುತ್ತ ಕೂತಿದ್ದಳು. ಅದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಸಂತೆಯ ಮೈದಾನದ ಮೂಲೆಯಲ್ಲಿ, ಒಂದು ಪ್ಲಾಸ್ಟಿಕ್ ಹಾಳೆಯ ಕೆಳಗೆ ವಿಲ್ಫ್ ಮಡಚುವ ಕುರ್ಚಿಯಲ್ಲಿ ಕೂತಿದ್ದ. ಮೇಜು ಅರ್ಧ ಖಾಲಿಯಾಗಿತ್ತು. ಪಕ್ಕದಲ್ಲಿ ಲೆಸ್ಲಿ ನಿಂತಿದ್ದ, ಕೈಯಲ್ಲಿ ಸುಟ್ಟ ಫ್ಯೂಸಿನ ಹಲಗೆ. ಸಂಘ ಬಿಡುತ್ತೇನೆಂದು ವಿಲ್ಫ್ ಅದನ್ನು ಆಗಷ್ಟೇ ವಾಪಸು ಕೊಟ್ಟಿದ್ದ. ಹಸಿರು ಕಾರು ಮಳೆಯಲ್ಲಿ ವೈಪರ್ ಬೀಸುತ್ತ ಹತ್ತಿರ ಬರುವುದನ್ನು ಕಂಡು ವಿಲ್ಫ್ ಎದ್ದೇಬಿಟ್ಟ. ಮುಖ ಅರಳಿತು. ಅಂಥ ಮುಖ ನೋಡಿ ತಿಂಗಳುಗಳೇ ಆಗಿದ್ದವು.

"ನಡೀತಿದೆ! ನಡೀತಿದೆಯಲ್ಲೋ!" ಎಂದು ಮಳೆಗೇ ಓಡಿಬಂದ. "ಯಾರು ಕಂಡುಹಿಡಿದ್ರು? ಹೇಳು, ಎಲ್ಲಿ ತಪ್ಪಿದ್ದೆ ನಾನು?"

ಹೆಡ್ಲಿ ಇಳಿದು ಬಾನೆಟ್ ಎತ್ತಿದ. ದಾರ ಬಿಚ್ಚಿ ಸ್ಪ್ಯಾನರ್ ತೆಗೆದ. ವೈಪರ್ ನಿಂತಿತು. ಬೋಲ್ಟ್ ಬಿಚ್ಚಿ ಪಕ್ಕಕ್ಕೆ ಸರಿದ.

ವಿಲ್ಫ್ ಕನ್ನಡಕ ಹಾಕಿಕೊಂಡು ಬಗ್ಗಿದ. ಬೆರಳಿನಿಂದ ಹಸಿರನ್ನು ಮುಟ್ಟಿ ನೋಡಿದ.

"ಬಿಟ್ಟಿದ್ದೀನಿ ಅಂದೆಯಲ್ಲೋ."

"ಅಂದೆ."

"ಎರಡು ಸಲ ಕೇಳಿದ್ದೆ."

"ಎರಡು ಸಲವೂ ಸುಳ್ಳು ಹೇಳಿದೆ ವಿಲ್ಫ್. ನೀನು ಎಲ್ಲೂ ತಪ್ಪಿಲ್ಲ. ತಪ್ಪು ನನ್ನದು." ಹೆಡ್ಲಿ ಇದನ್ನು ಲೆಸ್ಲಿಗೂ, ಸುತ್ತ ಸೇರಿದ್ದ ಐದಾರು ಜನರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದ. ಲೆಸ್ಲಿ ಹಲಗೆಯನ್ನು ಅವನ ಕಡೆ ಚಾಚಲು ಹೋಗಿ, ಹೊತ್ತಲ್ಲವೆಂದು ಕೈ ಹಿಂದಕ್ಕೆ ತೆಗೆದುಕೊಂಡ.

ವಿಲ್ಫ್ ನಿಧಾನಕ್ಕೆ ನೆಟ್ಟಗಾದ. "ನಾನು ಡಾಕ್ಟರ ಹತ್ರ ಹೋಗಿದ್ದೆ, ಗೊತ್ತಾ ನಿನಗೆ? ಜನವರೀಲಿ. ಕೈಯಿನ ನರ, ಕಣ್ಣು, ಎಲ್ಲ ಪರೀಕ್ಷೆ ಮಾಡಿದ್ರು. ಏನೂ ಆಗಿಲ್ಲ, ಚೆನ್ನಾಗಿದ್ದೀಯ ಅಂದ್ರು. ನಾನು ಡಾಕ್ಟರನ್ನ ನಂಬಲಿಲ್ಲ. ನಿನ್ನನ್ನ ನಂಬಿದೆ."

ಹೆಡ್ಲಿ ಮೇಜಿನ ಮೇಲೆ ಮಾರಾಟಕ್ಕಿಟ್ಟಿದ್ದ, ಕಬ್ಬಿಣ ಉಜ್ಜುವ ಅರವೊಂದನ್ನು ಎತ್ತಿ, ಅದರ ಹಿಡಿಯನ್ನು ವಿಲ್ಫ್‌ನ ಕಡೆ ಚಾಚಿದ. "ಕೆರೆದುಬಿಡು. ನಿನಗೆ ಬೇಕಾದಷ್ಟು ಕೆರಿ."

ವಿಲ್ಫ್ ಅದನ್ನು ಮುಟ್ಟಲಿಲ್ಲ. "ನೀನೇ ಕೆರಿ."

ಐವತ್ತು ವರ್ಷದಲ್ಲಿ ಹೆಡ್ಲಿ ತಾನು ಹಚ್ಚಿದ ಬಣ್ಣವನ್ನು ಬರಿ ಕಬ್ಬಿಣ ಬಿಡುವುದಕ್ಕೆಂದು ಕೆರೆದವನಲ್ಲ. ಅರ ಊರಿದ. ಹಸಿರು ಪುಡಿ ಉದುರಿತು. ಅದರ ಕೆಳಗೆ ಬೂದು ಪ್ರೈಮರ್. ನಾಲ್ಕು ಸಲ ಎಳೆದು ತಲೆ ಎತ್ತಿದ.

"ಇನ್ನೂ" ಎಂದ ವಿಲ್ಫ್.

ಮತ್ತೆ ಕೆರೆದ. ಮಳೆ ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಮ್ಯೂರಿಯಲ್ ಛತ್ರಿ ಬಿಚ್ಚಿ ಬಂದು ವಿಲ್ಫ್‌ನ ತಲೆಯ ಮೇಲೆ ಹಿಡಿದಳು.

"ಇನ್ನೂ."

ಕೊನೆಗೆ ನಾಣ್ಯದಗಲದ ಕಬ್ಬಿಣ ಫಳಫಳ ಹೊಳೆಯಿತು. ಬೋಲ್ಟಿನ ಸುತ್ತುಗಳನ್ನೂ ಉಜ್ಜಿಸಿ, ತಂತಿ ಕೂಡಿಸಿ ಬಿಗಿಸಿದ್ದೇ ತಡ, ವೈಪರ್ ಯಾವ ಸ್ಪ್ಯಾನರಿನ ಹಂಗೂ ಇಲ್ಲದೆ ಬೀಸತೊಡಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಡ್ಲಿ ಅರವನ್ನು ಮೇಜಿನ ಮೇಲಿಡಲು ಹೋದ.

"ಮೂರು ಜಾಗಕ್ಕೆ ಅಂಟಿಸಿದ್ದೆ ನಾನು" ಎಂದ ವಿಲ್ಫ್. "ಹಾರ್ನಿಂದು? ದೀಪದ್ದು?"

"ಅವಕ್ಕೂ ಹಚ್ಚಿದ್ದೀನಿ."

"ಹಾಗಾದ್ರೆ ನಡಿ."

ಹೆಡ್ಲಿ ಹಾರ್ನಿನ ಕಡೆ ಹೋಗಿ ಮಳೆಯಲ್ಲಿ ಮಂಡಿಯೂರಿದ. ಅಷ್ಟರಲ್ಲಿ ಕೆಂಡಲ್ ಕಡೆಯ ಗಿರಾಕಿಯೊಬ್ಬ ಮೇಜಿನ ಬಳಿ ಬಂದು, ಪರೀಕ್ಷೆಯ ಲ್ಯಾಂಪನ್ನು ಎತ್ತಿ ಹಿಡಿದು, ಇದಕ್ಕೆಷ್ಟು ಎಂದು ಕೇಳಿದ. ವಿಲ್ಫ್ ಹೆಡ್ಲಿಯ ಕೈಯ ಮೇಲಿಟ್ಟ ಕಣ್ಣನ್ನು ತೆಗೆಯದೆ, ಆ ಲ್ಯಾಂಪನ್ನು ಗಿರಾಕಿಯಿಂದ ತೆಗೆದುಕೊಂಡು ತನ್ನ ಕೋಟಿನ ಜೇಬಿಗೆ ಹಾಕಿಕೊಂಡ.

"ಅದು ಮಾರೋದಲ್ಲ" ಎಂದ. ಆಮೇಲೆ ಹೆಡ್ಲಿಗೆ ಹೇಳಿದ, "ಇನ್ನೂ ಕೆರಿ."